ಬುತ್ತಿಗಂಟಿನಲ್ಲಿ ಹೋದ ಸಮುದ್ರ

ನಮ್ಮ ಮನೆಯ ಕಪಾಟಿನಿಂದ ಯಾವ ಪುಸ್ತಕವನ್ನಾದರೂ ತೆಗೆದು ಕೊಡವಿ ನೋಡಿ. ಜೋಳದ ರೊಟ್ಟಿಯ ಚೂರು ಉದುರದಿದ್ದರೆ ಆ ಪುಸ್ತಕವನ್ನು ಯಾರೂ ಓದಿಲ್ಲವೆಂದೇ ತಿಳಿಯಿರಿ. ನಿನ್ನೆ ಒಂದು ಪತ್ತೇದಾರಿ ಕಾದಂಬರಿ ಬಿಡಿಸಿದೆ. ಕೊಲೆಯಾದ ಪುಟದಲ್ಲೇ ರೊಟ್ಟಿಯ ತುಣುಕೊಂದು ಕೂತಿತ್ತು, ಅದಕ್ಕೆ ಅಂಟಿದ ಶೇಂಗಾ ಚಟ್ನಿ ಬೇರೆ. ನಮ್ಮ ಮನೆಯವರು ಹೆಗಲ ಮೇಲಿಂದ ಇಣುಕಿ, "ಇಷ್ಟ ಸಾಕ್ಷಿ ಸಿಕ್ಕ ಮ್ಯಾಲ ಕೊಲಿಗಾರನ್ನ ಹಿಡಿಯೂದು ಏನ್ ದೊಡ್ಡ ಮಾತು?" ಎಂದರು. ಅವರಿಗೆ ಓದುವ ಗೀಳಿಲ್ಲ. ನಾನು ಹೇಳುವ ಕಥೆಯ ಮೊದಲ ಪುಟಕ್ಕೇ ಕೊಲೆಗಾರ ಯಾರೆಂದು ಹೇಳಿಬಿಡುವ ಕೆಟ್ಟ ಚಾಳಿಯೊಂದಿದೆ, ಅಷ್ಟೆ. ಅದು ಹೆಚ್ಚಿನ ಸಲ ನಿಜವೂ ಆಗುತ್ತದೆ.

ರೊಟ್ಟಿಗೂ ಪುಸ್ತಕಕ್ಕೂ ನಂಟು ಹೇಗೆ ಬೆಳೆಯಿತೆಂದು ಹೇಳಬೇಕಾದರೆ ನನ್ನ ಬಗ್ಗೆ ಎರಡು ಮಾತು ಹೇಳಲೇಬೇಕು. ನನ್ನದು ಔಷಧದ ಅಂಗಡಿ, ಇಳಕಲ್ಲಿನ ಬಸ್ ನಿಲ್ದಾಣದ ಹತ್ತಿರ. ಹುಟ್ಟಿ ಬೆಳೆದದ್ದೂ ಔಷಧದ ಅಂಗಡಿಯಲ್ಲೇ, ಹುನಗುಂದದಲ್ಲಿ. ಬೇರೆ ಮಕ್ಕಳು ಕಥೆ ಪುಸ್ತಕದಿಂದ ಓದು ಶುರುಮಾಡಿದರೆ ನಾನು ಶುರುಮಾಡಿದ್ದು ಚೂರ್ಣದ ಡಬ್ಬಿಯೊಳಗೆ ಮಡಿಸಿಟ್ಟ ತೆಳು ಕಾಗದದಿಂದ. ಅದರಲ್ಲಿ ಏನುಂಟು ಏನಿಲ್ಲ! ಎದೆಯುರಿ, ತಲೆಸುತ್ತು, ಕಾರಣವಿಲ್ಲದ ಬೇಸರ, ಬೆಳಗಿನ ಹೊತ್ತು ಕೈಕಾಲು ಜೋಮು. ಓದಿದಷ್ಟೂ ಆ ರೋಗಗಳೆಲ್ಲ ನನಗಿವೆಯೆಂದು ಖಾತ್ರಿಯಾಗುತ್ತಿತ್ತು. ಮೂರನೆಯ ಇಯತ್ತೆಯಲ್ಲಿದ್ದಾಗ ಗಿರಾಕಿಗಳ ಎದುರಿಗೇ ಅಪ್ಪನಿಗೆ, "ಅಪ್ಪಾ, ನನಗ ಬಾಣಂತ್ಯಾರ ಸೊಂಟಬ್ಯಾನಿ ಬಂದೈತಿ" ಎಂದು ಹೇಳಿ ಅಂಗಡಿಗೆ ಅಂಗಡಿಯನ್ನೇ ನಗಿಸಿದ್ದೆ. ಅಪ್ಪ ಮಾತ್ರ ನಗಲಿಲ್ಲ. ಆ ಕಾಗದವನ್ನು ಕಿತ್ತುಕೊಂಡು, ಮರುವಾರ ಬಾಗಲಕೋಟೆಗೆ ಹೋದಾಗ ಒಂದು ರಾಜಕುಮಾರಿಯ ಕಥೆ ಪುಸ್ತಕ ತಂದುಕೊಟ್ಟರು. ಆ ರಾಜಕುಮಾರಿಗೂ ಏನೋ ಕಾಯಿಲೆ ಇತ್ತು. ನನಗೆ ಅದೂ ಬಂತು.

ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಬಾರದ ಜಾತಿ ನನ್ನದು. ಒಳ್ಳೆಯ ಪುಸ್ತಕವೊಂದು ಮುಗಿದರೆ ಯಾರಿಗಾದರೂ ಹೇಳಬೇಕು, ಹೇಳಿದವರು ಅದನ್ನು ಓದಬೇಕು, ಓದಿ ಬಂದು ನನ್ನ ಜೊತೆ ಜಗಳವಾಡಬೇಕು. ಅಲ್ಲಿಯವರೆಗೆ ನನಗೆ ಓದು ಮುಗಿದಂತೆಯೇ ಅಲ್ಲ. ಕೆಮ್ಮಿನ ಔಷಧಕ್ಕೆ ಬಂದವರಿಗೆ ಪುಸ್ತಕದ ಹೆಸರು ಹೇಳಿ ಕಳಿಸಿದ್ದಿದೆ. ಅವರು ಕೆಮ್ಮುತ್ತಲೇ ಮುಂದಿನ ಸಲ ಬೇರೆ ಅಂಗಡಿಗೆ ಹೋಗಿದ್ದೂ ಇದೆ.

ಹೀಗೆ ಹೇಳಿ ಹೇಳಿ ಗಂಟುಬಿದ್ದವರು ಮೂವರು. ಒಬ್ಬರು ಇಳಕಲ್ಲಿನವರೇ ಆದ ಸಂಗಪ್ಪ ಮಾಸ್ತರು, ಹೈಸ್ಕೂಲಿನಿಂದ ನಿವೃತ್ತರು. ಪ್ರವಾಸ, ವಿಜ್ಞಾನ, ಇತಿಹಾಸ ಬಿಟ್ಟರೆ ಉಳಿದದ್ದು ಪುಸ್ತಕವೇ ಅಲ್ಲ ಎನ್ನುವವರು. ಇನ್ನೊಬ್ಬ ಬಾದಾಮಿಯ ಗೈಡು ಹನಮಂತ. ಹಗಲೆಲ್ಲ ಪ್ರವಾಸಿಗರಿಗೆ ಗುಹೆ ತೋರಿಸುತ್ತಾನೆ, ಆದರೆ ಇತಿಹಾಸದ ಪುಸ್ತಕ ಕೊಟ್ಟರೆ, "ದಿನಾ ಅದನ್ನ ಒದರತೇನಲ್ರಿ ಅಕ್ಕಾರ, ಮನಿಗೆ ಬಂದೂ ಅದನ್ನ ಓದ್ಲೇನು?" ಎನ್ನುತ್ತಾನೆ. ಅವನಿಗೆ ಬೇಕಾದದ್ದು ದೆವ್ವದ ಕಥೆ. ಅದನ್ನು ಓದಿ ಓದಿ ಈಗ ಸಂಜೆಯ ಹೊತ್ತು ಪ್ರವಾಸಿಗರನ್ನು ಮುಂದೆ ಬಿಟ್ಟುಕೊಂಡೇ ಗುಹೆಯೊಳಗೆ ಕಾಲಿಡುತ್ತಾನೆ. ಮೂರನೆಯವಳು ಗಿರಿಜವ್ವ. ಬಾದಾಮಿಯಲ್ಲಿ ಅವಳದೊಂದು ಖಾನಾವಳಿ ಇದೆ. ಗಿರಾಕಿಗಳು ಬಿಟ್ಟುಹೋದ ವಾರಪತ್ರಿಕೆಗಳ ಧಾರಾವಾಹಿಗಳಿಂದ ಓದಲು ಹತ್ತಿ, ಆಮೇಲೆ ಪ್ರೇಮದ ಕಾದಂಬರಿಗಳಲ್ಲಿ ಮುಳುಗಿದವಳು. ಒಲೆಯ ಪಕ್ಕದ ಗೂಡಿನಲ್ಲಿ ಉಪ್ಪಿನ ಡಬ್ಬಿಗೆ ಒರಗಿಸಿ ಒಂದು ಪುಸ್ತಕ ಸದಾ ಇರುತ್ತದೆ.

ತಿಂಗಳಿಗೊಂದು ಭಾನುವಾರ ನಾಲ್ವರೂ ಸೇರುತ್ತೇವೆ. ಒಮ್ಮೆ ಮಾಸ್ತರ ಮನೆಯ ಪಡಸಾಲೆಯಲ್ಲಿ, ಒಮ್ಮೆ ಊಟದ ಗದ್ದಲ ಮುಗಿದ ಮೇಲೆ ಗಿರಿಜವ್ವನ ಖಾನಾವಳಿಯಲ್ಲಿ. ತನಗೆ ಹಿಡಿಸಿದ ಪುಸ್ತಕವನ್ನು ತಂದು ಅದರ ಬಗ್ಗೆ ಮಾತಾಡಬೇಕು, ಬೇಕೆಂದವರು ಒಯ್ಯಬೇಕು. ಆದರೆ ಪುಸ್ತಕದ ಹಸಿವು ತಿಂಗಳ ತನಕ ಕಾಯುವುದಿಲ್ಲ. ನಡುವೆ ಪುಸ್ತಕ ಕಳಿಸುವುದು ಹೇಗೆ? ಅಂಚೆ ನಿಧಾನ. ಬಸ್ಸಿನವರಿಗೆ ಪುಸ್ತಕದ ಪೊಟ್ಟಣ ಕೊಡಲು ಹೋದರೆ, "ಇದೇನ್ ಪಾರ್ಸಲ್ ಏನ್ರಿ? ನಮ್ಮ ಕೆಲಸಕ್ಕ ಕುತ್ತು ತರಬ್ಯಾಡ್ರಿ" ಎಂದು ಕೈ ಒದರುತ್ತಿದ್ದರು.

ಅದೇ ಬಸ್ಸಿನವರು ಬುತ್ತಿಗೆ ಎಂದೂ ಬೇಡ ಎನ್ನುವುದಿಲ್ಲ. ನಮ್ಮ ಕಡೆಯ ಹಳ್ಳಿಗಳ ತಾಯಂದಿರು ಊರಲ್ಲಿ ಓದುವ ಮಕ್ಕಳಿಗೆ ಬೆಳಗಿನ ಬಸ್ಸಿನಲ್ಲಿ ರೊಟ್ಟಿ ಪಲ್ಯೆ ಕಟ್ಟಿ ಕಳಿಸುವುದು ಇಂದಿನ ಮಾತಲ್ಲ. ನಾನು ಬಾಗಲಕೋಟೆಯಲ್ಲಿ ಓದುವಾಗ ನನಗೂ ಹುನಗುಂದದಿಂದ ಹಾಗೆಯೇ ಬರುತ್ತಿತ್ತು. ಎಂಜಿನ್ನಿನ ಮೇಲಿನ ಮುಚ್ಚಳದ ಮೇಲೆ ಗಂಟುಗಳು ಸಾಲಾಗಿ ಕೂತಿರುತ್ತಿದ್ದವು. ಅದರ ಬಿಸಿಗೆ ಪಲ್ಯೆ ಇನ್ನೊಮ್ಮೆ ಬೆಂದು ಬರುತ್ತಿತ್ತು. ಡ್ರೈವರ್ ಎಷ್ಟೇ ಸಿಡುಕನಾದರೂ ನಿಲ್ದಾಣದಲ್ಲಿ ನಮ್ಮ ಹೆಸರು ಹಿಡಿದು ಕರೆದು, "ತುಗೋ ತಂಗಿ, ಉಣ್ಣು" ಎನ್ನುತ್ತಿದ್ದ. ಅವನ ಆ ಒಂದು ಮಾತಿಗೆ ಹಾಸ್ಟೆಲ್ಲಿನ ಬೇಸರವೆಲ್ಲ ಹೋಗುತ್ತಿತ್ತು.

ಹಾಗಾಗಿ ನಾನೊಂದು ಉಪಾಯ ಮಾಡಿದೆ. ಪುಸ್ತಕವನ್ನು ಚೌಕಡಿಯ ಟವೆಲ್ಲಿನಲ್ಲಿ ಬುತ್ತಿಯಂತೆಯೇ ಗಂಟು ಕಟ್ಟಿದೆ. ಬುತ್ತಿ ಎಂದು ಹೇಳಿದ ಮೇಲೆ ಪೂರಾ ಸುಳ್ಳಾಗಬಾರದಲ್ಲ. ಪುಸ್ತಕದ ಕೆಳಗೊಂದು ಮೇಲೊಂದು ಒಣಗಿಸಿ ಗಟ್ಟಿ ಮಾಡಿದ ಕಟಕ ರೊಟ್ಟಿ ಇಟ್ಟೆ. ಇದರಿಂದ ಪುಸ್ತಕದ ಮೂಲೆ ಮಡಚುವುದೂ ತಪ್ಪಿತು, ಓದುವವರಿಗೆ ಕಡಿಯಲು ಏನಾದರೂ ಸಿಕ್ಕಂತೆಯೂ ಆಯಿತು. ಗಿರಿಜವ್ವನೂ ಇದೇ ರೀತಿ ಕಳಿಸತೊಡಗಿದಳು, ಚಟ್ನಿ ಸಹಿತ. ಚೂರುಗಳ ಇತಿಹಾಸ ಇಷ್ಟೇ.

ಈಗ ಜಗಳಕ್ಕೆ ಬರುತ್ತೇನೆ. ಕಳೆದ ವರ್ಷ ಬೇಸಿಗೆಯ ಒಂದು ಭಾನುವಾರ, ಮಾಸ್ತರ ಪಡಸಾಲೆಯಲ್ಲಿ ಗಿರಿಜವ್ವ ತನ್ನ ಮೆಚ್ಚಿನ ಪ್ರೇಮದ ಕಾದಂಬರಿಯ ಬಗ್ಗೆ ಹೇಳುತ್ತಿದ್ದಳು. ಎಷ್ಟನೆಯ ಸಲವೋ ಓದಿದ್ದಳು, ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಸ್ತರು ಕನ್ನಡಕ ತೆಗೆದು, ಬಹಳ ಸಮಾಧಾನದಿಂದ, "ಗಿರಿಜವ್ವಾ, ಇಂಥಾವನ್ನ ಓದಿ ಅಳೂಕಿಂತ ನಾಕ ರೊಟ್ಟಿ ಹೆಚ್ಚಿಗಿ ಬಡದ್ರ ಮಂದಿಗೆ ಉಪಕಾರ ಆಗ್ತೈತಿ ನೋಡು" ಎಂದರು. ಎಲ್ಲಕ್ಕೂ ನಗುವ ಹನಮಂತ ಅದಕ್ಕೂ ನಕ್ಕ. ಗಿರಿಜವ್ವ ಚಹ ಪೂರ್ತಿ ಕುಡಿದು, ಕಪ್ಪನ್ನು ತಾನೇ ತೊಳೆದಿಟ್ಟು, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಸಂಜೆಯೊಳಗೆ ವಾಟ್ಸಾಪ್ ಗುಂಪಿನಿಂದ ಹೊರಗಾದಳು. ಮರುದಿನದ ಬಸ್ಸಿಗೆ ನಾವು ಓದಲು ಕೊಟ್ಟಿದ್ದ ಪುಸ್ತಕಗಳೆಲ್ಲ ಹಿಂದಕ್ಕೆ ಬಂದವು. ಈ ಸಲ ಗಂಟಿನಲ್ಲಿ ರೊಟ್ಟಿಯೂ ಇರಲಿಲ್ಲ, ಚಟ್ನಿಯೂ ಇರಲಿಲ್ಲ.

ಫೋನು ಮಾಡಿದೆ. "ಅಕ್ಕಾ, ಇನ್ನ ನನಗ ಪುಸ್ತಕದ ಸುದ್ದಿ ಬ್ಯಾಡ. ಒಲಿ ಮುಂದಿನ ಗೂಡ ಖಾಲಿ ಮಾಡೇನಿ, ಎಣ್ಣಿ ಡಬ್ಬಿ ಇಟ್ಟೇನಿ" ಎಂದಳು. ನಮ್ಮಲ್ಲಿ ಯಾರು ಓದು ಬಿಟ್ಟರೂ ಅವರಿಗೆ ಬೇರೆ ಏನಾದರೂ ಇದೆ. ಮಾಸ್ತರಿಗೆ ಪಿಂಚಣಿದಾರರ ಸಂಘವಿದೆ, ಹನಮಂತನಿಗೆ ಜಗತ್ತಿನ ಪ್ರವಾಸಿಗರಿದ್ದಾರೆ, ನನಗೆ ಬಾಯಿದೆ. ಗಿರಿಜವ್ವ ದಿನವಿಡೀ ಮಂದಿಗೆ ಬಡಿಸುವವಳು. ಆಕೆಯನ್ನು ಯಾರೂ ಇನ್ನೊಂದು ರೊಟ್ಟಿ ಬಿಟ್ಟು ಬೇರೇನೂ ಕೇಳುವುದಿಲ್ಲ, ಆಕೆಗೆ ಏನು ಅನ್ನಿಸಿತೆಂದಂತೂ ಕೇಳುವುದೇ ಇಲ್ಲ. ಕೇಳುತ್ತಿದ್ದದ್ದು ನಮ್ಮ ಕೂಟ ಒಂದೇ. ಅದೂ ಹೋದರೆ ಆಕೆಗೆ ಏನು ಉಳಿಯಿತು? ಆಕೆಯನ್ನು ಮರಳಿ ತರದೆ ಬಿಡುವುದಿಲ್ಲ ಎಂದು ಆ ದಿನವೇ ನಿಶ್ಚಯಿಸಿದೆ. ನಾನು ಹಟಕ್ಕೆ ಬಿದ್ದರೆ ಹೇಗಿರುತ್ತೇನೆಂಬುದನ್ನು ನಮ್ಮ ಮನೆಯವರನ್ನು ಕೇಳಿ; ಅವರು ಉತ್ತರ ಕೊಡುವುದಿಲ್ಲ, ನಿಟ್ಟುಸಿರು ಬಿಡುತ್ತಾರೆ.

ಮೊದಲು ಮಾಸ್ತರನ್ನು ಹಿಡಿದೆ. ಅವರ ರಕ್ತದೊತ್ತಡದ ಗುಳಿಗೆ ನನ್ನ ಅಂಗಡಿಯಿಂದಲೇ ಹೋಗುವುದು. ಈ ಸಲ ನಾನೇ ಒಯ್ದೆ.

"ತುಗೋರಿ ಗುಳಿಗಿ. ನಿಮ್ಮ ಬಿ.ಪಿ.ಗಿಂತ ಗಿರಿಜವ್ವಂದು ಏರೇತಿ. ಒಂದ್ ಮಾತ ತಪ್ಪಾತು ಅನ್ರಿ, ಎಲ್ಲಾ ಸರಿ ಹೋಗ್ತೈತಿ."

"ನಾ ಏನ್ ತಪ್ಪ ಹೇಳೇನಿ ಶಶಿಕಲಾ? ರೊಟ್ಟಿ ಕೀಳಂದ್ನೇನು?"

"ನೀವು ಕೀಳಂದಿದ್ದು ರೊಟ್ಟಿಗಲ್ರಿ."

ಮಾಸ್ತರು ಮುಖ ತಿರುಗಿಸಿದರು. ಮರುದಿನ ಮತ್ತೆ ಹೋದೆ. ಅದರ ಮರುದಿನವೂ ಹೋದೆ. ಕೊನೆಗೆ ಅವರ ಮನೆಯವರು, "ಏನರೆ ಒಂದ್ ಮಾಡ್ರಿ, ಈಕಿಗೆ ಚಹ ಮಾಡಿ ಮಾಡಿ ನನಗ ಸಾಕಾತು" ಎಂದು ಒಳಗಿನಿಂದ ಕೂಗಿದರು. ಮಾಸ್ತರು ಎದ್ದುಹೋಗಿ ಕಪಾಟಿನ ಮೇಲಿನ ಅರೆಯಿಂದ ಒಂದು ದಪ್ಪ ಪುಸ್ತಕ ಇಳಿಸಿ ತಂದರು. ನಾನು ಕುಳಿತಲ್ಲೇ ನೆಟ್ಟಗಾದೆ. ಅದು ಅವರ ಸಮುದ್ರದ ಪುಸ್ತಕ. ಸಮುದ್ರದ ಏರಿಳಿತ, ಹಡಗು, ಆಳದಲ್ಲಿ ಬೆಳಕು ಬಿಡುವ ಮೀನು, ಎಲ್ಲ ಅದರಲ್ಲಿದೆಯೆಂದು ಕೇಳಿದ್ದೆವೇ ಹೊರತು ಮುಟ್ಟಿ ನೋಡಿದವರಿಲ್ಲ. ಹಳೆಯ ಬಾಗಲಕೋಟೆಗೆ ಹಿನ್ನೀರು ಬರುತ್ತದೆಂದು ಜನ ಮನೆ ಖಾಲಿ ಮಾಡುವಾಗ ಯಾರೋ ಗೆಳೆಯರು ಅವರಿಗೆ ಕೊಟ್ಟದ್ದು. ನೀರಿನಿಂದ ಪಾರಾಗಿ ಬಂದ ಸಮುದ್ರವೆಂದು ಮಾಸ್ತರಿಗೆ ಅದರ ಮೇಲೆ ಬಲು ಮೋಹ, ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿ ಇಟ್ಟಿದ್ದರು. ಮಾಸ್ತರು ಇನ್ನೂ ಸಮುದ್ರ ಕಂಡವರಲ್ಲ.

"ಇದನ್ನ ಆಕಿಗೆ ಕಳಸು. ಏನೂ ಹೇಳಬ್ಯಾಡ. ಆಕಿಗೆ ತಿಳೀತೈತಿ" ಎಂದರು.

ತಿಳಿಯುತ್ತದೆಂದು ನನಗೂ ಅನ್ನಿಸಿತು. ಕ್ಷಮೆ ಕೇಳಲು ಬಾರದ ಮನುಷ್ಯ ಅದಕ್ಕಿಂತ ದೊಡ್ಡದನ್ನೇ ಕೊಟ್ಟಿದ್ದರು. ಮೇಲೆ ಕೆಳಗೆ ರೊಟ್ಟಿ ಇಟ್ಟು ಚೌಕಡಿಯ ಟವೆಲ್ಲಿನಲ್ಲಿ ಬಿಗಿಯಾಗಿ ಕಟ್ಟಿ ಬಾದಾಮಿಯ ಬಸ್ಸಿಗೆ ಹಾಕಿದೆ. ಬುತ್ತಿ ಬಂದರೆ ಗಿರಿಜವ್ವ ನಿಲ್ದಾಣಕ್ಕೆ ಹೋಗದೆ ಇರುವವಳಲ್ಲ ಎಂದು ಹನಮಂತನಿಗೆ ಫೋನು ಮಾಡಿ, "ಆಕಿಗೆ ಇಳಕಲ್ಲಿಂದ ಬುತ್ತಿ ಬರಾಕತ್ತೈತಿ, ಇಸ್ಕೊ ಅನ್ನು" ಎಂದೆ. ಅಂದು ದಿನಾ ಬರುವ ಡ್ರೈವರ್ ರಜೆಯ ಮೇಲಿದ್ದ, ಹೊಸಬನೊಬ್ಬ ಬಂದಿದ್ದ. ಅವನಿಗೆ ನಮ್ಮ ಗಂಟಿನ ಗುರುತಿರಲಿಲ್ಲ.

ಎರಡು ದಿನ ಮಾಸ್ತರು ಬೆಳಿಗ್ಗೆ ಸಂಜೆ ಅಂಗಡಿಗೆ ಬಂದು, ಗುಳಿಗೆ ಬೇಕಾದವರಂತೆ ನಿಂತು, "ಮುಟ್ಟೀತೇನು? ಓದಾಕ ಹತ್ಯಾಳಂತೇನು?" ಎಂದು ಕೇಳಿದರು. ಗಿರಿಜವ್ವ ನನ್ನ ಫೋನು ಎತ್ತಲಿಲ್ಲ. ಮೂರನೆಯ ದಿನ ಹನಮಂತನೇ ಮಾಡಿದ. ಅವನ ದನಿಯಲ್ಲಿ ನಗೆಯಿರಲಿಲ್ಲ.

"ಅಕ್ಕಾರ, ಏನ್ ಮಾಡಿಟ್ರಿ ನೀವು? ಗಿರಿಜವ್ವ ಕೆಂಡ ಆಗ್ಯಾಳ. ರೊಟ್ಟಿ ಬಡದ್ರ ಉಪಕಾರ ಆಗ್ತೈತಂತ ಮಾಸ್ತರು ಮಾರಿಗೆ ಅಂದಿದ್ದು ಸಾಲದಂತ, ಈಗ ಗಂಟ ಕಟ್ಟಿ ರೊಟ್ಟಿನ ಕಳಿಸ್ಯಾರಂತ ಅಳಾಕತ್ತಾಳ."

"ರೊಟ್ಟಿ ಜೋಡಿ ಪುಸ್ತಕ ಇತ್ತಲ್ಲೋ!"

"ಪುಸ್ತಕ ಎಲ್ಲೀದ್ರಿ? ಬರೇ ರೊಟ್ಟಿ. ಮ್ಯಾಲ ಬದ್ನಿಕಾಯಿ ಪಲ್ಯೆ."

ಕೈಕಾಲು ತಣ್ಣಗಾದವು. ಈ ಸಲ ಚೂರ್ಣದ ಕಾಗದ ಓದದೆಯೇ ಬಂದ ರೋಗ. ಗಂಟು ಅದಲುಬದಲಾಗಿದೆ, ಮಾಸ್ತರ ಸಮುದ್ರ ಎಲ್ಲಿ ಹೋಯಿತೋ ದೇವರಿಗೇ ಗೊತ್ತು, ಹೋಗಿದ್ದರ ಬದಲಿಗೆ ಖಾನಾವಳಿಯವಳ ಮಡಿಲಿಗೆ ಯಾರದೋ ರೊಟ್ಟಿ ಬಿದ್ದಿದೆ, ಅದೂ ಮಾಸ್ತರ ಮಾತು ಹಸಿಯಾಗಿರುವಾಗ. ಫೋನಿನಲ್ಲಿ ಹೇಳಿದರೆ ನಂಬುವವಳಲ್ಲ ಅವಳು. ಮಾಸ್ತರಿಗೆ ಸುದ್ದಿ ಮುಟ್ಟಿಸಬಾರದೆಂದು ಮನೆಯವರಿಗೆ ಹೇಳಿ, ಅಂಗಡಿಯನ್ನು ಅವರ ಕೈಗೆ ಬಿಟ್ಟು, ಪುಸ್ತಕ ಹಿಡಿದೇ ಇಳಕಲ್ಲಿಗೆ ಕಾಲಿಡುತ್ತೇನೆಂದು ಬಾದಾಮಿಯ ಬಸ್ಸು ಹತ್ತಿದೆ.

ಗುಡೂರಿನಲ್ಲಿ ಬಸ್ಸು ನಿಂತಿತು. ಕಿಟಕಿಯಿಂದ ನೋಡುತ್ತೇನೆ, ಹೆಂಗಸರು ಡ್ರೈವರನ ಬಾಗಿಲಿಗೆ ಬುತ್ತಿಗಂಟು ಎತ್ತಿ ಕೊಡುತ್ತಿದ್ದಾರೆ. ಹೆಚ್ಚಿನವು ಚೌಕಡಿಯ ಟವೆಲ್ಲಿನವೇ. ಈ ಸೀಮೆಯ ಸಂತೆಗಳಿಗೆಲ್ಲ ಅದೊಂದೇ ಬಗೆಯ ಟವೆಲ್ಲು ಬರುತ್ತದೋ ಏನೋ. ನನ್ನ ಕಿಟಕಿಯ ಕೆಳಗೇ ನಿಂತಿದ್ದ ಒಬ್ಬಾಕೆ ಡ್ರೈವರನಿಗೆ, "ಸರಿಯಾಗಿ ಮುಟ್ಟಸೋ ಎಪ್ಪಾ, ಮೊನ್ನಿ ನನ್ನ ಮಗಳು ಉಪಾಸ ಬಿದ್ದಾಳ" ಎಂದು ಜಬರಿಸುತ್ತಿದ್ದಳು. ನಾನು ಕಿಟಕಿಯಿಂದ ಅರ್ಧ ಹೊರಗೆ ಬಂದೆ.

"ಯಾಕವ್ವಾ, ಮೊನ್ನಿ ಏನಾತು?"

"ಏನ್ ಹೇಳ್ಲಿ ಎಕ್ಕಾ! ನಾ ರೊಟ್ಟಿ ಕಟ್ಟಿದ್ರ ಆಕಿಗೆ ಎರಡ ಕಟಕ ರೊಟ್ಟಿ, ಒಂದ್ ಬುಕ್ ಮುಟ್ಟೇತಿ. ಯಾವ ಊರ ತಾಯಿನೋ, ಮಕ್ಕಳಿಗೆ ಪಲ್ಯೆ ಬಿಟ್ಟು ಬುಕ್ ಕಟ್ಟಿ ಕಳಸ್ಯಾಳ! ಅದನ್ನ ತಿಂತಾವೇನು ಹುಡುಗ್ರು?"

"ಆ ತಾಯಿ ನಾನ ಇದ್ದೇನವ್ವಾ!" ಎಂದು ಕೂಗಿದೆ. ಬಸ್ಸು ಹೊರಟಿತ್ತು. ಆಕೆ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ಓಡುತ್ತ ಮಗಳ ಹೆಸರು ಮಾಳವ್ವ, ಬಾದಾಮಿಯಲ್ಲಿ ಹುಡುಗಿಯರ ಹಾಸ್ಟೆಲ್ಲು, ಡಿಗ್ರಿ ಮೊದಲನೆಯ ವರ್ಷ ಎಂದು ಹೇಳಿದಳು. ಬೀರಪ್ಪ ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ ಎಂದೂ ಸೇರಿಸಿದಳು. ಬಸ್ಸಿನೊಳಗಿದ್ದವರೆಲ್ಲ ಮಕ್ಕಳನ್ನು ಉಪವಾಸ ಕೆಡಹುವ ತಾಯಿಯನ್ನು ಬಾದಾಮಿ ಬರುವವರೆಗೂ ತಿರುಗಿ ತಿರುಗಿ ನೋಡಿದರು.

ಖಾನಾವಳಿಯಲ್ಲಿ ಊಟದ ಹೊತ್ತು ಮುಗಿದಿತ್ತು. ಗಿರಿಜವ್ವ ನನ್ನನ್ನು ಕಂಡವಳೇ ಪಾತ್ರೆ ತಿಕ್ಕಲು ಕುಳಿತಳು. ನಾನೂ ಒಂದು ಪಾತ್ರೆ ಎಳೆದುಕೊಂಡು ತಿಕ್ಕುತ್ತ ಎಲ್ಲವನ್ನೂ ಹೇಳಿದೆ. ಮಾಸ್ತರು ಸಮುದ್ರದ ಪುಸ್ತಕ ಕೊಟ್ಟರೆಂದಾಗ ಆಕೆಯ ಕೈ ಒಮ್ಮೆ ನಿಂತು ಮತ್ತೆ ತಿಕ್ಕತೊಡಗಿತು. ಗುಡೂರಿನ ತಾಯಿಯ ಮಾತು ಹೇಳಿದಾಗ ಮಾತ್ರ ಎದ್ದು ನಿಂತಳು.

"ಅಂದ್ರ ಆ ರೊಟ್ಟಿ ಒಂದು ಹುಡುಗೀದೇನು?"

"ಹೌದಲ್ಲ ಮತ್ತ."

"ಅಯ್ಯ ನನ ಶಿವನ! ಸಿಟ್ಟಿನ್ಯಾಗ ಒಂದೂ ಬಿಡದಂಗ ಎಲ್ಲಾ ತಿಂದೆ ಅಕ್ಕಾ. ತಿನಕೋತ ಅತ್ತೆ, ಅಳಕೋತ ತಿಂದೆ. ಭಾಳ ರುಚಿ ಇದ್ದೂ. ಇನ್ನೊಬ್ಬರ ಕೈಯಾನ ರೊಟ್ಟಿ ಹೆಂಗಿರ್ತಾವಂತ ನನಗ ಮರತ ಹೋಗಿತ್ತು."

ಆಮೇಲೆ ಆಕೆಗೆ ಮಾಸ್ತರೂ ಬೇಡ, ಪುಸ್ತಕವೂ ಬೇಡ. ಹಸಿದ ಹುಡುಗಿಯೊಂದೇ ಕಣ್ಣ ಮುಂದೆ. ಆರಿಸಿದ ಒಲೆಯನ್ನು ಮತ್ತೆ ಹೊತ್ತಿಸಿದಳು. ಬಿಸಿ ರೊಟ್ಟಿ, ಝುಣಕ, ಕೆನೆ ಮೊಸರು, ಎಲ್ಲ ಕಟ್ಟಿಕೊಂಡು ನನ್ನನ್ನು ಎಳೆದುಕೊಂಡೇ ಹಾಸ್ಟೆಲ್ಲಿಗೆ ನಡೆದಳು. ಹುಡುಗಿ ಉಪವಾಸ ಬಿದ್ದು ಮೂರು ದಿನವಾಗಿದೆ, ಅಷ್ಟರಲ್ಲಿ ಎಷ್ಟೋ ಸಲ ಉಂಡಿರುತ್ತಾಳೆ ಎಂದು ನಾನು ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ.

ಮಾಳವ್ವ ಸಣ್ಣಗೆ, ಎತ್ತರದ ಹುಡುಗಿ. ನಾವು ಯಾರೆಂದು ಹೇಳಿದ ಕೂಡಲೇ ಅವಳ ಮುಖ ಸಪ್ಪಗಾಯಿತು. ಒಳಗೆ ಹೋಗಿ ಪುಸ್ತಕ ತಂದಳು, ಕೊಡದೆ ಎದೆಗೆ ಅವಚಿಕೊಂಡು ನಿಂತಳು.

"ಖರೆ ಹೇಳ್ತೇನ್ರಿ ಅಕ್ಕಾರ. ಇದು ಯಾರ್ದಂತ ನಾ ಭಾಳ ಹುಡುಕಲಿಲ್ರಿ. ಹುಡುಕಿದ್ರ ಸಿಗ್ತೀರಿ, ಸಿಕ್ರ ಒಯ್ತೀರಂತ ಸುಮ್ನಿದ್ದೆ."

"ಹಸಿವಾಗಿತ್ತಲ್ಲ ತಂಗಿ ನಿನಗ?" ಎಂದು ಗಿರಿಜವ್ವ ಕೇಳಿದಳು.

"ಆಗಿತ್ರಿ. ಗೆಳತ್ಯಾರ ಡಬ್ಬ್ಯಾಗ ಕೈ ಹಾಕಿ ಉಂಡೆ. ಆದ್ರ ಉಣ್ಣುಮುಂದನೂ ಇದನ್ನ ಕೆಳಗಿಡಲಿಲ್ರಿ. ನಮ್ಮಪ್ಪ ಕುರಿ ತುಗೊಂಡು ಎಷ್ಟ ದೂರ ಹೋಗ್ತಾನ, ಅಂವಗ ಎಲ್ಲಾ ಊರ ಗೊತ್ತು. ಸಮುದ್ರದ್ದು ಮಾತ್ರ ಏನೂ ಗೊತ್ತಿಲ್ಲ. ಈಗ ದಿನಾ ಫೋನ್ ಹಚ್ಚಿ ನಾನ ಹೇಳ್ತೇನ್ರಿ. ನೀರಿನ ತಳಕ್ಕ ಗುಡ್ಡ ಅದಾವಂತ್ರಿ, ನಮ್ಮ ಬಾದಾಮಿ ಗುಡ್ಡ ಅದರ ಮುಂದ ಏನೂ ಅಲ್ಲಂತ. ಅಲ್ಲಿ ಒಂದ್ ಮೀನ ಐತ್ರಿ, ತನ್ನ ದೀಪ ತಾನ ಹಚಗೊಂಡು ಅಡ್ಡಾಡ್ತೈತಿ."

"ಆಮ್ಯಾಲ?" ಎಂದಳು ಗಿರಿಜವ್ವ.

ಅಂದವಳು ತಾನು ಓದು ಬಿಟ್ಟವಳೆಂಬುದನ್ನು ಮರೆತಿದ್ದಳು. ಮಾಳವ್ವ ಹೇಳಿದಳು, ಗಿರಿಜವ್ವ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕುಳಿತು ಕೇಳಿದಳು. ಕಾಲೇಜಿನ ಪಾಠ ಬಿಟ್ಟು ಬೇರೆ ಪುಸ್ತಕ ಓದಿದ್ದು ಇದೇ ಮೊದಲೆಂದು ಹುಡುಗಿ ಅಂದದ್ದೇ ತಡ, ಗಿರಿಜವ್ವ ಶುರುಮಾಡಿದಳು. ಈ ಕಾದಂಬರಿ ಓದಬೇಕು, ಆ ಕಾದಂಬರಿ ಓದಬೇಕು, ಅದರಲ್ಲಿ ಒಬ್ಬಾಕೆ ಇದ್ದಾಳೆ, ಆಕೆಯ ಗತಿ ಕೇಳು ಎಂದು ಕೈ ಆಡಿಸುತ್ತ ಹೇಳತೊಡಗಿದಳು. ಒಳಗಿನಿಂದ ಇನ್ನೂ ಕೆಲವು ಹುಡುಗಿಯರು ಬಂದು ಸುತ್ತ ಕುಳಿತರು. ರೊಟ್ಟಿ ಗಂಟು ಬಿಚ್ಚಿತು. ನಾನು ಸುಮ್ಮನೆ ನಿಂತು ನೋಡಿದೆ. ನಾನು ಸುಮ್ಮನೆ ನಿಲ್ಲುವುದು ಅಪರೂಪ.

ಹೊರಡುವಾಗ ಮಾಳವ್ವ ಮನಸ್ಸಿಲ್ಲದೆ ಪುಸ್ತಕ ಚಾಚಿದಳು. ನಾನು ಕೈ ನೀಡುವ ಮೊದಲೇ ಗಿರಿಜವ್ವ ಅದನ್ನು ಅವಳ ಕಡೆಗೇ ತಳ್ಳಿದಳು.

"ಇಟಗೋ. ಸಾವಕಾಶ ಓದು. ಮುಗದ ಮ್ಯಾಲ ಮಾತ್ರ ಯಾರಿಗೂ ಕೊಡಬ್ಯಾಡ, ನನಗ ತಂದುಕೊಡು. ಅದು ಮಾಸ್ತರು ನನಗ ಕಳಸಿದ್ದು."

ಪುಸ್ತಕ ಹಿಡಿದೇ ಇಳಕಲ್ಲಿಗೆ ಕಾಲಿಡುತ್ತೇನೆಂದಿದ್ದೆನಲ್ಲ, ಹಿಡಿದೇ ಇಟ್ಟೆ. ಆದರೆ ಅದು ಸಮುದ್ರವಾಗಿರಲಿಲ್ಲ. ಬಸ್ಸು ಹತ್ತುವಾಗ ಗಿರಿಜವ್ವ ತನ್ನ ಆ ಪ್ರೇಮದ ಕಾದಂಬರಿಯನ್ನು ನನ್ನ ಕೈಗಿಟ್ಟು, "ಇದನ್ನ ಮಾಸ್ತರಿಗೆ ಕೊಡು. ಅವರ ಪುಸ್ತಕ ನಾ ಓದ್ತೇನಿ, ನಂದು ಅವರು ಓದಬೇಕು. ಓದದ ಬರೂದಾದ್ರ ನನ್ನ ಬಾಗಿಲಿಗೆ ಬರಬ್ಯಾಡಂತ ಹೇಳು" ಎಂದಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬಿಟ್ಟುಕೊಡುವ ಮಾತೂ ಇರಲಿಲ್ಲ. ನನಗಿಂತ ಹಟಮಾರಿ ಇನ್ನೊಬ್ಬಳಿದ್ದಾಳೆಂದು ಅಂದು ಗೊತ್ತಾಯಿತು.

ಮಾಸ್ತರಿಗೆ ಎಲ್ಲವನ್ನೂ ಹೇಳಿದೆ. ತಮ್ಮ ಸಮುದ್ರ ಗುರುತಿಲ್ಲದ ಹುಡುಗಿಯ ಕೈಯಲ್ಲಿದೆ, ಊಟದ ಹೊತ್ತಿಗೂ ತೆರೆದೇ ಇರುತ್ತದೆ ಎಂದು ಕೇಳಿ, "ಎಣ್ಣಿ ಕಲಿ ಆಗೇತೇನು?" ಎಂದು ಮೊದಲು ಕೇಳಿದರು. ಗಿರಿಜವ್ವ ರೊಟ್ಟಿ ತಿನ್ನುತ್ತ ಅತ್ತದ್ದನ್ನು ಹೇಳಿದಾಗ ತಲೆ ತಗ್ಗಿಸಿದರು. ಕಾದಂಬರಿಯನ್ನು ಎರಡು ಬೆರಳಿನಲ್ಲಿ ಹಿಡಿದು, ಮುಖಪುಟದ ಹೆಣ್ಣಿನ ಚಿತ್ರವನ್ನು ಕೆಳಗೆ ಮಾಡಿ ಮೇಜಿನ ಮೇಲಿಟ್ಟರು. ಆಮೇಲೆ ನಾನು ಗುಳಿಗೆ ಒಯ್ದಾಗಲೆಲ್ಲ ಅದು ಅಲ್ಲೇ ಮಕಾಡೆ ಬಿದ್ದಿರುತ್ತಿತ್ತು. ಅವರ ಮನೆಯವರನ್ನು ಕೇಳಿದರೆ, "ನನಗ ಕಾಣ್ದಂಗ ಓದ್ತಾರೋ ಇಲ್ಲೋ ಗೊತ್ತಿಲ್ಲವಾ. ಮೊನ್ನಿಂದ ಒಂದ್ ನಮೂನಿ ಸುಮ್ನಾಗ್ಯಾರ" ಎಂದರು. ಗುಳಿಗೆ ಬದಲಿಸಬೇಕೇನೋ ಎಂದು ನಾನು ಚಿಂತೆ ಮಾಡಿದೆ.

ಆ ತಿಂಗಳ ಭಾನುವಾರ ಬಂತು. ಸೇರುವುದು ಗಿರಿಜವ್ವನಲ್ಲಿ. ಮಾಸ್ತರು ಬರುತ್ತಾರೋ ಇಲ್ಲವೋ ಎಂದು ನಿಲ್ದಾಣದಲ್ಲಿ ಕಾಯುತ್ತಿದ್ದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಚೀಲ ಹಿಡಿದು ಬಂದರು. ಖಾನಾವಳಿಯಲ್ಲಿ ಹನಮಂತನಿದ್ದ, ಮಾಳವ್ವ ಸಮುದ್ರದ ಪುಸ್ತಕಕ್ಕೆ ಹೊಸ ಕಾಗದದ ಹೊದಿಕೆ ಹಾಕಿ ಹಿಡಿದುಕೊಂಡು ಬಂದಿದ್ದಳು. ಗಿರಿಜವ್ವ ಎಲ್ಲರಿಗೂ ಚಹ ಕೊಟ್ಟಳು. ಮಾಸ್ತರಿಗೂ ಕೊಟ್ಟಳು, ಮುಖ ನೋಡದೆ. ಹನಮಂತ ತನ್ನ ಹೊಸ ದೆವ್ವದ ಕಥೆ ತೆಗೆದ. ದೆವ್ವ ಬಂದರೂ ಯಾರಿಗೂ ಹೆದರಿಕೆಯಾಗಲಿಲ್ಲ. ಎಲ್ಲರೂ ಮಾಸ್ತರನ್ನೇ ನೋಡುತ್ತಿದ್ದೆವು.

ಮಾಸ್ತರು ಚಹದ ಲೋಟ ಕೆಳಗಿಟ್ಟರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಕೈಚೀಲದಿಂದ ಕಾದಂಬರಿ ಹೊರಬಂತು. ಅವರು ಅದನ್ನು ಗಿರಿಜವ್ವನಿಗೆ ಕೊಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡು ಅದರ ಕೊನೆಯ ಪುಟ ತೆರೆದರು. ಹೈಸ್ಕೂಲಿನಲ್ಲಿ ಜೀವನವಿಡೀ ಮಕ್ಕಳಿಗೆ ಪ್ರಶ್ನೆ ಹಾಕಿದ ಮನುಷ್ಯ, ಉತ್ತರ ಗೊತ್ತಿಲ್ಲದೆ ಕೇಳಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

"ಗಿರಿಜವ್ವಾ, ಅಷ್ಟ ವರ್ಷ ಅಂವನ ದಾರಿ ಕಾದಾಳ. ಅಂವ ಬಂದು ಕದಾ ಬಡೀತಾನ. ಆಕಿ ಕದದ ಹಿಂದ ನಿಂತಾಳ, ಕೈ ಅಗಳಿ ಮ್ಯಾಲ ಐತಿ. ಯಾಕ ತೆಗೀಲಿಲ್ಲವಾ ಆಕಿ? ಈ ವಾರೆಲ್ಲಾ ನನಗ ಅದ ವಿಚಾರ."

ಗಿರಿಜವ್ವನ ಕೈಯಲ್ಲಿದ್ದ ಕೆಟಲಿ ಅಲ್ಲೇ ನಿಂತಿತು. ಆಕೆ ಈಗ ಏನು ಬೇಕಾದರೂ ಅನ್ನಬಹುದಿತ್ತು. ರೊಟ್ಟಿಯ ಮಾತನ್ನು ಎತ್ತಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಆಕೆ ಕೆಟಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ನನಗೂ ಗೊತ್ತಿಲ್ರಿ ಮಾಸ್ತರ" ಎಂದಳು. "ಇದನ್ನ ನನ್ನ ಕೂಡ ಕುಂತು ವಿಚಾರ ಮಾಡಾಕ ಒಬ್ಬರು ಸಿಗ್ಲಿ ಅಂತ ಎಷ್ಟ ವರ್ಷ ಆತ್ರಿ ನಾ ಕಾಯಾಕತ್ತು. ಹೇಳ್ರಿ, ನಿಮಗೇನ ಅನಸ್ತು?"